ಮನೆಗಿಂತ ಮೊದಲು ಕೇರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಮನೆ ಕೊಂಡು ನೋಡು ಎಂದು ಹೇಳಲಿಲ್ಲ. ಅವರ ಕಾಲದಲ್ಲಿ ಗೃಹಸ್ಥನು ಕೇರಿಯನ್ನು ಆರಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಹುಟ್ಟಿದ ಕೇರಿಯೇ ಬಾಳುವ ಕೇರಿಯಾಗಿತ್ತು. ತಂದೆಯ ಮನೆಯ ಗೋಡೆಗೆ ಗೋಡೆ ಸೇರಿಸಿ ಮಗನು ಕಟ್ಟಿಕೊಳ್ಳುತ್ತಿದ್ದನು. ಇಂದು ನಮ್ಮ ಮಕ್ಕಳು ಹುಟ್ಟುವುದು ಒಂದೂರಿನಲ್ಲಿ, ಓದುವುದು ಮತ್ತೊಂದೂರಿನಲ್ಲಿ, ದುಡಿಯುವುದು ಮೂರನೆಯ ಊರಿನಲ್ಲಿ. ಆದುದರಿಂದ ಮನೆ ಎಲ್ಲಿರಬೇಕೆಂಬ ಪ್ರಶ್ನೆ ಈಗ ಪ್ರತಿಯೊಂದು ಕುಟುಂಬದ ಬಾಗಿಲಿಗೂ ಬಂದು ನಿಂತಿದೆ.

ಕಳೆದ ಕಾರ್ತಿಕ ಮಾಸದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಪತ್ನೀಸಮೇತರಾಗಿ ನಮ್ಮ ಮನೆಗೆ ಬಂದರು. ಹರದನಹಳ್ಳಿಯ ಸುತ್ತಿನ ಒಂದು ಹಳ್ಳಿಯವರು. ಊರಿನ ಮನೆ ಅಣ್ಣತಮ್ಮಂದಿರ ಭಾಗಕ್ಕೆ ಹೋಗಿದೆ. ಮಗ ಬೆಂಗಳೂರಿನಲ್ಲಿ ಉದ್ಯೋಗಿ, ಮಗಳನ್ನು ನಂಜನಗೂಡಿಗೆ ಕೊಟ್ಟಿದ್ದಾರೆ. ಮೂವತ್ತಾರು ವರ್ಷ ಪಾಠ ಹೇಳಿದ ಮೇಲೆ ಕೈಗೆ ಬಂದ ಹಣ ಬ್ಯಾಂಕಿನಲ್ಲಿದೆ. ಇದು ಜೀವಮಾನದಲ್ಲಿ ಒಮ್ಮೆ ಮಾತ್ರ ಮಾಡಬಹುದಾದ ವ್ಯವಹಾರ. ತಪ್ಪಿದರೆ ತಿದ್ದಿಕೊಳ್ಳಲು ಇನ್ನೊಂದು ನಿವೃತ್ತಿ ಬರುವುದಿಲ್ಲ. ಮೇಷ್ಟರ ಕೈಯಲ್ಲಿ ದಲ್ಲಾಳಿಯೊಬ್ಬನು ಕೊಟ್ಟ ಬಣ್ಣದ ನಕ್ಷೆಯಿತ್ತು.

“ಎರಡೇ ಮಾತು ಶಾಸ್ತ್ರಿಗಳೇ,” ಎಂದರು. “ಮುಂದಕ್ಕೆ ಬೆಲೆ ಏರುವ ಜಾಗವಾಗಿರಬೇಕು. ನಮ್ಮವರೇ ಇರುವ ಬೀದಿಯಾಗಿರಬೇಕು. ಇವೆರಡೂ ಕೂಡಿಬಂದರೆ ಕಣ್ಣು ಮುಚ್ಚಿ ಕೊಂಡುಬಿಡುತ್ತೇನೆ.”

ಕಣ್ಣು ಮುಚ್ಚಿ ಕೊಳ್ಳುವ ಮಾತು ನನಗೆ ಹಿಡಿಸಲಿಲ್ಲ. ನಾಲ್ಕು ಕಡೆ ತಿರುಗಿ ನೋಡೋಣವೆಂದೆನು. ಆ ತಿರುಗಾಟದಲ್ಲಿ ನಾವು ಕಂಡದ್ದನ್ನೂ, ಅವರ ಎರಡು ಮಾತುಗಳಿಗೆ ನಾನು ಕೊಟ್ಟ ಉತ್ತರವನ್ನೂ ನಮ್ಮ ಓದುಗ ಕುಟುಂಬಗಳ ಮುಂದೆ ಇಡುತ್ತಿದ್ದೇನೆ.

ಮೊದಲು ಬೆಲೆಯ ಮಾತು. ಹರದನಹಳ್ಳಿ ಎಂದೊಡನೆ ನಮ್ಮವರಿಗೆ ಗೋಸಲ ಚನ್ನಬಸವೇಶ್ವರರೂ ತೋಂಟದ ಸಿದ್ಧಲಿಂಗ ಯತಿಗಳೂ ನೆನಪಾಗುವರು. ಆ ಕಥೆ ಇಂದಿನ ವಿಷಯವಲ್ಲ. ಆದರೆ ಆ ಊರಿನ ಹೆಸರನ್ನು ಸ್ವಲ್ಪ ವಿಚಾರಿಸೋಣ. ಹಳಗನ್ನಡದಲ್ಲಿ ಪರದ ಎಂದರೆ ವರ್ತಕ. ಪಕಾರ ಹಕಾರವಾಗಿ ಹರದ. ಹೆಸರನ್ನು ಹಾಗೆ ಬಿಡಿಸಿದರೆ ಅದು ವರ್ತಕನ ಹಳ್ಳಿ. ದಿವ್ಯಲಿಂಗೇಶ್ವರ ದೇವಾಲಯದ ಎತ್ತರವಾದ ಗೋಪುರವನ್ನು ನೋಡಿದವರಿಗೆ, ಇಂಥದನ್ನು ಎಬ್ಬಿಸುವಷ್ಟು ಸಂಪತ್ತು ಒಂದು ಕಾಲಕ್ಕೆ ಇಲ್ಲಿ ಸೇರಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇಂದು ಅದು ಚಾಮರಾಜನಗರದ ಪಕ್ಕದ ಒಂದು ಹಳ್ಳಿ. ಚಾಮರಾಜನಗರವಾದರೋ ಅರಿಕುಠಾರವೆಂಬ ಊರಾಗಿತ್ತು. ತಮ್ಮ ತಂದೆ ಚಾಮರಾಜ ಒಡೆಯರು ಜನಿಸಿದ ಸ್ಥಳವೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟರು; ೧೮೨೬ರಲ್ಲಿ ಚಾಮರಾಜೇಶ್ವರ ದೇವಾಲಯವಾಯಿತು. ಮುಂದೆ ಕಚೇರಿ, ಪೇಟೆ, ರೈಲುನಿಲ್ದಾಣಗಳೆಲ್ಲ ಅಲ್ಲಿಗೇ ಬಂದವು. ೧೯೯೭ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲಾಕೇಂದ್ರವೂ ಆಯಿತು. ಅರಸರಿಗೆ ಪಿತೃಭಕ್ತಿಯುಂಟಾದದ್ದರಿಂದ ಒಂದೂರಿನ ಬೆಲೆ ಏರಿತು. ಅದನ್ನು ಮುಂಚಿತವಾಗಿ ಲೆಕ್ಕ ಹಾಕಿ ಹೇಳಬಲ್ಲ ದಲ್ಲಾಳಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆದರೂ ಲೆಕ್ಕ ಹಾಕುವವರಿಗೆ ಕಡಮೆಯಿಲ್ಲ. ಬೆಂಗಳೂರಿನ ಪಕ್ಕದ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೇಲೆ ಚಾಮರಾಜನಗರಕ್ಕೆ ೧೪೨ ಕಿಲೋಮೀಟರು ರೈಲುಮಾರ್ಗವೊಂದು ೧೯೯೬-೯೭ರಲ್ಲಿ ಮಂಜೂರಾಯಿತು. ರೈಲು ಬರುತ್ತದೆಂದು ಹೇಳಿ ನಿವೇಶನ ಮಾರಿದವರುಂಟು, ನಂಬಿ ಕೊಂಡವರೂ ಉಂಟು. ಆಗ ಹುಟ್ಟಿದ ಮಕ್ಕಳಿಗೆ ಈಗ ಮದುವೆಯಾಗಿದೆ, ಆ ಮಾರ್ಗದಲ್ಲಿ ರೈಲು ಓಡಿಲ್ಲ. ಮೈಸೂರು, ನಂಜನಗೂಡುಗಳ ಮೇಲೆ ಬರುವ ರೈಲು ಚಾಮರಾಜನಗರದಲ್ಲೇ ನಿಂತು ಹಿಂದಿರುಗುತ್ತಿದೆ. ಇನ್ನೊಂದು ಕಡೆ, ಈ ಊರಿಗೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುವನೆಂಬ ಅಪಶಕುನವನ್ನು ಎಷ್ಟೋ ವರ್ಷ ನಂಬಿ, ದೊಡ್ಡವರು ಜಿಲ್ಲಾಕೇಂದ್ರದತ್ತ ಮುಖ ಹಾಕಲಿಲ್ಲ. ೨೦೧೩ರಲ್ಲಿ ಮುಖ್ಯಮಂತ್ರಿಯಾದ ಸಿದ್ಧರಾಮಯ್ಯನವರು ಹಲವು ಸಲ ಬಂದುಹೋಗಿಯೂ ೨೦೧೮ರವರೆಗೆ ಪೂರ್ಣಾವಧಿ ಆಳಿದರು. ಬರುವ ರೈಲನ್ನು ನಂಬಿ ಕೊಳ್ಳುವುದೂ, ಬಾರದ ಅನಿಷ್ಟಕ್ಕೆ ಹೆದರಿ ಬಿಡುವುದೂ ಒಂದೇ ಜಾತಿಯ ತಪ್ಪು. ಮೇಷ್ಟರ ಜೇಬಿನಲ್ಲಿ ದಿಕ್ಸೂಚಿಯೊಂದಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬಾಗಿಲು ಯಾವ ದಿಕ್ಕಿಗಿದೆಯೆಂದು ಅವರು ಮೂರು ಸಲ ನೋಡಿದರು. ಚರಂಡಿ ಯಾವ ದಿಕ್ಕಿಗೆ ಹರಿಯುತ್ತದೆಂದು ಒಮ್ಮೆಯೂ ನೋಡಲಿಲ್ಲ.

ಬೆಲೆಯ ವಿಷಯದಲ್ಲಿ ಗೃಹಸ್ಥನು ಮನಸ್ಸಿನಲ್ಲಿಡಬೇಕಾದದ್ದು ಇಷ್ಟೆ. ಕೊಟ್ಟ ಹಣದಲ್ಲಿ ಗೋಡೆ, ಛಾವಣಿ, ಬಣ್ಣಗಳ ಪಾಲು ವರ್ಷವರ್ಷವೂ ಸವೆಯುತ್ತದೆ. ಸವೆಯದೆ ಉಳಿಯುವುದು ನೆಲದ ಪಾಲು ಮಾತ್ರ. ಆ ನೆಲದ ಬೆಲೆಯಾದರೂ ನಮ್ಮ ಚಕ್ಕುಬಂದಿಯ ಒಳಗಿಲ್ಲ, ಹೊರಗಿದೆ: ಬೀದಿಯ ಅಗಲದಲ್ಲಿ, ನಲ್ಲಿಯಲ್ಲಿ ಬರುವ ನೀರಿನಲ್ಲಿ, ನಡೆದು ಮುಟ್ಟಬಹುದಾದ ಶಾಲೆ ಆಸ್ಪತ್ರೆಗಳಲ್ಲಿ, ನೆರೆಯವರ ನಡತೆಯಲ್ಲಿ. ನಾವು ಹಣ ಕೊಡುವುದು ನಮ್ಮದಾಗದ ವಸ್ತುಗಳಿಗೆ. ಅವು ಈಗ ಇವೆಯೇ ಎಂದು ನೋಡಿ ಕೊಡಬೇಕು, ಬರುತ್ತವೆಂಬ ಮಾತಿಗೆ ಕೊಡಬಾರದು.

ಇದಕ್ಕೆ ದೊಡ್ಡ ನಿದರ್ಶನ ನಮ್ಮ ರಾಜಧಾನಿಯಲ್ಲೇ ಇದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ೧೮೯೦ರ ದಶಕದಲ್ಲಿ ರೂಪುಗೊಂಡವು. ೧೮೯೮ರ ಪ್ಲೇಗು ಇಕ್ಕಟ್ಟಾದ ಹಳೆಯ ಪೇಟೆಗಳಿಂದ ಜನರನ್ನು ಅತ್ತ ಅಟ್ಟಿತು. ಮೈಸೂರಿನಲ್ಲಿ ಊರನ್ನು ತಿದ್ದುವುದಕ್ಕೆಂದೇ ೧೯೦೩ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪಿತವಾಯಿತು. ಅಂದು ಬಡಾವಣೆ ಮಾಡಿದವರು ಮೊದಲು ಬೀದಿ ಎಳೆದರು, ಚರಂಡಿ ತೋಡಿದರು, ಮನೆಗಳ ಹಿಂದೆ ಕಸ ಸಾಗಿಸುವ ಓಣಿ ಬಿಟ್ಟರು, ಉದ್ಯಾನಕ್ಕೆ ಜಾಗ ಇಟ್ಟರು. ಆಮೇಲೆ ನಿವೇಶನ ಹಂಚಿದರು. ಆ ಮನೆಗಳಲ್ಲಿ ಎಷ್ಟೋ ಬಿದ್ದುಹೋಗಿವೆ, ಬೀದಿಗಳು ಬಿದ್ದಿಲ್ಲ. ನೂರಿಪ್ಪತ್ತು ವರ್ಷ ಕಳೆದರೂ ಅಲ್ಲಿಯ ನೆಲಕ್ಕೆ ಜನ ಮುಗಿಬೀಳುತ್ತಿದ್ದಾರೆ. ಅದೇ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ, ಕೆರೆಗಳ ನೀರು ಹರಿಯುವ ತಗ್ಗಿನಲ್ಲಿ ಎದ್ದ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ೨೦೨೨ರ ಸೆಪ್ಟೆಂಬರ್ ಮಳೆಯಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು.

ಈಗ ನಮ್ಮ ತಿರುಗಾಟ. ಮೊದಲನೆಯದು ಬಣ್ಣದ ನಕ್ಷೆಯ ಬಡಾವಣೆ. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರಗಳ ಮೇಲೆ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ. ಸಿಮೆಂಟಿನ ಕಮಾನು, ಎರಡು ಸಾಲು ಸಸಿ, ಜಲ್ಲಿ ಹಾಸಿದ ರಸ್ತೆ. ಒಂದೇ ಒಂದು ಮನೆಯಿದ್ದು, ಅದರಲ್ಲಿ ಕಾವಲುಗಾರನಿದ್ದನು. ಮೇಷ್ಟರಿಗೆ ತುಂಬ ಹಿಡಿಸಿತು. ದಲ್ಲಾಳಿ ಹೊರಟುಹೋದ ಮೇಲೆ ನಾವು ಹೋಗದೆ ನಿಂತೆವು. ಹತ್ತಿರದ ಹೊಲದಲ್ಲಿ ಹಸು ಮೇಯಿಸುತ್ತಿದ್ದ ವೃದ್ಧನೊಬ್ಬನು ಹಿಂದೆ ಆ ಕೆರೆಯ ನೀರುಗಂಟಿಯಾಗಿದ್ದವನು. ಕೇಳಿದುದಕ್ಕೆ, “ಕೆರ ಕೋಡಿ ಬಿದ್ದ್ರ ನೀರು ಇಲ್ಗೇ ಬಂದು ನಿಂತ್ಕತದ ಬುದ್ದಿ. ವರ್ಸ ವರ್ಸ ಬೀಳದಿಲ್ಲ, ಬಿದ್ದಾಗ ಗೊತ್ತಾಯ್ತದ,” ಎಂದನು. ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ತುಂಬಿದ ೨೦೨೨ರ ಮಳೆಗಾಲದಲ್ಲಿ ಆ ಜಾಗದಲ್ಲಿ ಮೊಣಕಾಲುದ್ದ ನೀರಿತ್ತಂತೆ. ಬರಗಾಲದ ವರ್ಷ ಹೋಗಿ ನಿವೇಶನ ನೋಡುವವನಿಗೆ ಎಲ್ಲ ನೆಲವೂ ಒಳ್ಳೆಯ ನೆಲವೇ. ಆದುದರಿಂದ ನೀರುಗಂಟಿಯನ್ನು ಕೇಳಬೇಕು. ಆತನಿಲ್ಲದಿದ್ದರೆ ಕೆರೆಯ ಏರಿಯ ಮೇಲೆ ನಿಂತು ಕೋಡಿಯ ದಾರಿಯನ್ನು ಕಣ್ಣಿನಿಂದಲೇ ಹಿಂಬಾಲಿಸಬೇಕು.

ಕಾಗದಪತ್ರಗಳ ಕಥೆ ಬೇರೆ. ಪಂಚಾಯಿತಿ ವ್ಯಾಪ್ತಿಯ ಸ್ವತ್ತುಗಳಿಗೆ ೨೦೧೩ರಲ್ಲಿ ಇ-ಸ್ವತ್ತು ವ್ಯವಸ್ಥೆ ಬಂದಿತು. ಅದರಲ್ಲಿ ನಮೂನೆ ೯ ಮತ್ತು ೧೧ಎ ದೊರೆತ ಸ್ವತ್ತೇ ಬೇರೆ, ೧೧ಬಿ ದೊರೆತ ಸ್ವತ್ತೇ ಬೇರೆ. ಮೊದಲನೆಯದು ಗ್ರಾಮಠಾಣೆಯ ಒಳಗಿನದು, ಇಲ್ಲವೆ ಕ್ರಮವಾಗಿ ಭೂಪರಿವರ್ತನೆಯಾಗಿ ನಕ್ಷೆಗೆ ಅನುಮೋದನೆ ಪಡೆದದ್ದು. ಎರಡನೆಯದಕ್ಕೆ ಆ ಬಲವಿಲ್ಲ. ಬ್ಯಾಂಕುಗಳು ಅದರ ಮೇಲೆ ಸಾಲ ಕೊಡಲು ಸಾಮಾನ್ಯವಾಗಿ ಹಿಂಜರಿಯುತ್ತವೆ. ಬ್ಯಾಂಕು ಸಾಲ ಕೊಡದ ಮನೆಯನ್ನು ಮುಂದೆ ಮಾರುವಾಗ ರೊಕ್ಕ ಎಣಿಸಿ ಕೊಡಬಲ್ಲವನನ್ನೇ ಹುಡುಕಬೇಕು. ಅಂಥವರು ಊರಿಗೊಬ್ಬರು ಇಬ್ಬರು. ಬೆಲೆ ಅವರು ಹೇಳಿದ್ದೇ. ಮೇಷ್ಟರಿಗೆ ತೋರಿಸಿದ್ದು ೧೧ಬಿ. “ಮುಂದೆ ಸಕ್ರಮವಾಗುತ್ತದೆ” ಎಂದು ದಲ್ಲಾಳಿಯ ಮಾತು. ಆಗಬಹುದು. ಆದ ದಿನ ಕೊಂಡರಾಯಿತು.

ಇನ್ನೊಂದನ್ನು ಹೇಳಲೇಬೇಕು. ಕೆಲವು ಜಮೀನುಗಳು ಸರ್ಕಾರವು ಪರಿಶಿಷ್ಟ ಜಾತಿ, ಪಂಗಡಗಳ ಬಡವರಿಗೆ ಮಂಜೂರು ಮಾಡಿದವು. ಅವುಗಳ ವರ್ಗಾವಣೆಯನ್ನು ನಿಷೇಧಿಸುವ ೧೯೭೮ರ ಕಾಯ್ದೆಯಂತೆ, ಸರ್ಕಾರದ ಅನುಮತಿಯಿಲ್ಲದೆ ಕೊಂಡದ್ದು ಅಸಿಂಧು. ೨೦೨೩ರ ತಿದ್ದುಪಡಿಯು, ಈ ಕಾಯ್ದೆಯ ಮೊರೆಹೋಗಲು ಕಾಲಮಿತಿಯಿಲ್ಲವೆಂದೂ ಹೇಳುತ್ತದೆ. ಮೂಲ ಮಂಜೂರಾತಿ ಯಾರ ಹೆಸರಿಗೆ ಆಗಿತ್ತೆಂದು ಹಿಂದಿನ ದಾಖಲೆಗಳಲ್ಲಿ ನೋಡಬೇಕು. ಕಾನೂನಿನ ಭಯಕ್ಕಾಗಿ ಮಾತ್ರವಲ್ಲ. ಬಡವನ ತುತ್ತಿನ ಮೇಲೆ ಕಟ್ಟಿದ ಅಡುಗೆಮನೆಯಲ್ಲಿ ದಾಸೋಹ ನಡೆಯುವುದಾದರೂ ಹೇಗೆ?

ಗುಂಡ್ಲುಪೇಟೆಯ ಕಡೆಗೂ ಒಂದು ದಿನ ಹೋಗಿಬಂದೆವು. ೨೦೨೦ರಲ್ಲಿ ಭೂಸುಧಾರಣಾ ಕಾಯ್ದೆಯ ೭೯ಎ, ೭೯ಬಿ ಕಲಮುಗಳು ರದ್ದಾದ ಮೇಲೆ ಬೇಸಾಯಗಾರರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಬಂಡೀಪುರದ ಹತ್ತಿರದ ನೆಲಕ್ಕೆ ಹೊರಗಿನವರ ಕಣ್ಣು ಬಿದ್ದಿದೆ. ಆದರೆ ಕಾಡಿನ ಸೂಕ್ಷ್ಮವಲಯದ ಕಟ್ಟುಪಾಡುಗಳು, ಆನೆಗಳ ಕಾಟ, ೨೦೦೯ರಿಂದ ಹೆದ್ದಾರಿಯಲ್ಲಿ ರಾತ್ರಿ ಸಂಚಾರದ ನಿಷೇಧ ಇವೆಲ್ಲ ವಯಸ್ಸಾದ ದಂಪತಿಗಳಿಗೆ ಹೊಂದುವ ಸಂಗತಿಗಳಲ್ಲ. ಕಲ್ಲಿನ ಗಣಿಗಳಿರುವ ಗುಡ್ಡಗಳ ಮಗ್ಗುಲಂತೂ ಬೇಡವೆಂದು ಮೇಷ್ಟರ ಪತ್ನಿಯೇ ಹೇಳಿದರು. ೨೦೨೨ರ ಮಾರ್ಚಿಯಲ್ಲಿ ಮಡಹಳ್ಳಿಯ ಗುಡ್ಡ ಕುಸಿದು ಕಾರ್ಮಿಕರು ಸತ್ತದ್ದನ್ನು ಅವರು ಮರೆತಿರಲಿಲ್ಲ.

ಚಾಮರಾಜನಗರದ ಪೇಟೆಯೊಳಗಿನ ಹೊಸ ಮನೆಯೊಂದು ಚೆನ್ನಾಗಿಯೇ ಇತ್ತು. ಬೆಲೆ ಅವರ ಕೈಗೆ ಮೀರಿದ್ದು.

ಕೊನೆಗೆ ಕಂಡದ್ದು ಹರದನಹಳ್ಳಿಯ ಗ್ರಾಮಠಾಣೆಯ ಅಂಚಿನ ಒಂದು ಮನೆ. ಹೆಂಚಿನದು, ಮುಂದೆ ಜಗಲಿ, ಹಿಂದೆ ಹಿತ್ತಲು. ಬೀದಿಯಲ್ಲಿ ಎರಡು ಎತ್ತಿನ ಗಾಡಿಗಳು ಎದುರುಬದುರಾಗಿ ಸಾಗುವಷ್ಟು ಅಗಲ. ಚಾಮರಾಜನಗರಕ್ಕೆ ಐದಾರು ಕಿಲೋಮೀಟರು. ಜಿಲ್ಲಾಕೇಂದ್ರದ ವೈದ್ಯಕೀಯ ಕಾಲೇಜು ೨೦೧೬ರಲ್ಲಿ ಆರಂಭವಾಗಿ, ಯಡಪುರದಲ್ಲಿ ಅದರ ಹೊಸ ಬೋಧನಾ ಆಸ್ಪತ್ರೆಯನ್ನು ೨೦೨೧ರ ಅಕ್ಟೋಬರಿನಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಇದೇ ಊರಿನಲ್ಲಿ ಆಮ್ಲಜನಕದ ಕೊರತೆಯ ನಡುವೆ ೨೪ ರೋಗಿಗಳು ಒಂದೇ ದಿನದ ಅವಧಿಯಲ್ಲಿ ಮರಣಹೊಂದಿದುದನ್ನು ಕಂಡವರು, ಆಸ್ಪತ್ರೆ ಎಷ್ಟು ದೂರ ಎಂಬುದರ ಜೊತೆಗೆ ಅದು ಹೇಗೆ ನಡೆಯುತ್ತಿದೆಯೆಂದೂ ವಿಚಾರಿಸುತ್ತಾರೆ. ನಾವೂ ವಿಚಾರಿಸಿದೆವು.

ಈ ಮನೆಯನ್ನು ಮೂರು ಹೊತ್ತಿನಲ್ಲಿ ನೋಡಿದೆವು. ಬೆಳಗ್ಗೆ ಹಾಲಿನ ಡೈರಿಯ ಮುಂದೆ ಜನ ಸೇರುವ ಹೊತ್ತಿನಲ್ಲಿ ಒಮ್ಮೆ; ಮಧ್ಯಾಹ್ನ ನಲ್ಲಿಗೆ ನೀರು ಬಿಡುವ ಹೊತ್ತಿನಲ್ಲಿ ಒಮ್ಮೆ; ರಾತ್ರಿ ಒಂಬತ್ತಕ್ಕೆ ಒಮ್ಮೆ. ರಾತ್ರಿಯ ಭೇಟಿಯನ್ನು ಯಾರೂ ಮಾಡುವುದಿಲ್ಲ. ಬೀದಿದೀಪ ಉರಿಯುತ್ತದೆಯೇ, ಕುಡಿದವರ ಗಲಾಟೆಯಿದೆಯೇ, ಹೆಂಗಸರು ಜಗಲಿಯ ಮೇಲೆ ಕುಳಿತು ಮಾತನಾಡುತ್ತಾರೆಯೇ ಎಂಬುದು ಹಗಲಿನಲ್ಲಿ ತಿಳಿಯದು. ಅಂದು ಮೂರು ಜಗಲಿಗಳಲ್ಲಿ ಹೆಂಗಸರಿದ್ದರು. ಮೇಷ್ಟರ ಪತ್ನಿ ಅವರ ನಡುವೆ ಹೋಗಿ ಕುಳಿತವರು ಅರ್ಧ ಗಂಟೆ ಏಳಲಿಲ್ಲ.

ಹಿಂತಿರುಗುವಾಗ ಮೇಷ್ಟರು, “ಎಲ್ಲ ಸರಿ ಶಾಸ್ತ್ರಿಗಳೇ, ಆದರೆ ಬಲಕ್ಕೆ ಉಪ್ಪಾರರ ಮನೆ, ಎಡಕ್ಕೆ ಯಾರೆಂದು ತಿಳಿಯದು. ನಮ್ಮವರ ಬೀದಿಯಲ್ಲ,” ಎಂದರು. ಅವರ ಎರಡನೆಯ ಮಾತಿಗೆ ಉತ್ತರ ಹೇಳಬೇಕಾಯಿತು. ಅದನ್ನು ಉಪದೇಶವಾಗಿ ಹೇಳುವುದು ಸುಲಭ. ಕಲ್ಯಾಣದ ಶರಣರು ಯಾವ ಯಾವ ಕಾಯಕದ ಮನೆಗಳಿಂದ ಬಂದರೆಂಬುದು ಈ ಪತ್ರಿಕೆಯ ಓದುಗರಿಗೆ ತಿಳಿಯದ್ದಲ್ಲ, ಮೇಷ್ಟರಿಗೂ ತಿಳಿಯದ್ದಲ್ಲ. ಆದುದರಿಂದ ನಡೆದದ್ದೊಂದನ್ನು ಹೇಳಿದೆನು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಮ್ಮ ಬಂಧುಗಳೊಬ್ಬರಿಗೆ ಒಂದು ಹಳ್ಳಿಯಲ್ಲಿ ತೊಟ್ಟಿಯ ಮನೆಯಿತ್ತು. ಬೀದಿಯೆಲ್ಲ ನಮ್ಮವರದೇ. ಮಕ್ಕಳು ದೂರ ಹೋದರು, ಹೆಂಡತಿ ತೀರಿಕೊಂಡರು, ಅವರಿಗೆ ಮೈಸೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಮನೆ ಮಾರಲು ಹೊರಟರು. ಪಶುಪಾಲನಾ ಇಲಾಖೆಯ ನೌಕರರೊಬ್ಬರು, ಪರಿಶಿಷ್ಟ ಜಾತಿಯವರು, ಹೇಳಿದ ಬೆಲೆಗೆ ಒಪ್ಪಿ ಮುಂಗಡ ತಂದರು. ಬೀದಿಯ ಹಿರಿಯರು ಸೇರಿ, ಹೊರಗಿನವರಿಗೆ ಮಾರಕೂಡದೆಂದು ಹೇಳಿದರು. ಮಠದಲ್ಲಿ ಓದಿದವನೆಂದು ನನ್ನನ್ನೂ ಕರೆಸಿದ್ದರು. ಬೀದಿಯ ಮರ್ಯಾದೆ, ಹಿಂದಿನಿಂದ ಬಂದ ನಡಾವಳಿ ಎಂದೇನೋ ನಾನೂ ನಾಲ್ಕು ಮಾತು ಆಡಿದೆನು. ಸಂಸ್ಕೃತದ ಒಂದೆರಡು ಪದಗಳನ್ನೂ ಬಳಸಿರಬೇಕು. ಮುಂಗಡ ಹಿಂದಕ್ಕೆ ಹೋಯಿತು. ನಮ್ಮವರಲ್ಲಿ ಕೊಳ್ಳುವವರು ಯಾರು? ಬೀದಿಯಲ್ಲಿದ್ದವರಿಗೆಲ್ಲ ಮನೆಗಳಿದ್ದವು, ಇಲ್ಲದವರಿಗೆ ಹಣವಿರಲಿಲ್ಲ. ಒಬ್ಬರು ಮೂರನೆಯ ಒಂದು ಪಾಲಿಗೆ ಕೇಳಿದರು. ಬೀಗ ಹಾಕಿದ ಮನೆ ಐದಾರು ಮಳೆಗಾಲ ಕಂಡಿತು. ಮೊದಲು ತೊಟ್ಟಿಯ ಸುತ್ತಿನ ಹೆಂಚು, ಆಮೇಲೆ ತೊಲೆ, ಆಮೇಲೆ ಗೋಡೆ ಬಿದ್ದಿತು. ನಮ್ಮ ಬಂಧುಗಳು ಮೈಸೂರಿನ ಬಾಡಿಗೆ ಮನೆಯಲ್ಲಿ, ಔಷಧಿಗೆ ಮಗನ ಕೈ ನೋಡುತ್ತ ತೀರಿಕೊಂಡರು. ಆ ಬೀದಿಯಲ್ಲಿ ಈಗ ಅರ್ಧದಷ್ಟು ಮನೆಗಳಿಗೆ ಬೀಗವಿದೆ. ಅವರ ಕೊನೆಯ ದಿನಗಳಲ್ಲಿ ನೋಡಲು ಹೋದಾಗ ಅವರು ಆ ಮಾತನ್ನೇ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತೆಂದು ಈಗಲೂ ಅನ್ನಿಸುತ್ತದೆ.

ಒಂದೇ ಜನಾಂಗದವರು ಕೊಳ್ಳಬಹುದಾದ ಮನೆಗೆ ಕೊಳ್ಳುವವರೂ ಅಷ್ಟೇ ಮಂದಿ. ಅದು ವ್ಯವಹಾರದ ಲೆಕ್ಕ. ಆ ಮನೆಯ ಬಾಗಿಲಿನಿಂದ ಹಿಂದಿರುಗಿದವರ ಮನಸ್ಸಿನ ಲೆಕ್ಕವನ್ನು ಬರೆದಿಡುವ ಪುಸ್ತಕ ನನ್ನಲ್ಲಿಲ್ಲ.

ಮೇಷ್ಟರು ಸುಮ್ಮನಿದ್ದರು. ಅವರ ಪತ್ನಿ ಕೇಳಿದರು: “ಆ ಕೊಳ್ಳಬೇಕೆಂದು ಬಂದಿದ್ದರಲ್ಲ, ಅವರು ಏನಾದರು ಬುದ್ಧಿ?”

ಅವರು ಚಾಮರಾಜನಗರದಲ್ಲಿ, ಆಗ ಊರಹೊರಗೆ ಎನ್ನಿಸಿಕೊಂಡಿದ್ದ ಕಡೆ, ಕ್ರಮಬದ್ಧವಾದ ನಿವೇಶನ ಕೊಂಡು ಕಟ್ಟಿದರು. ಈಗ ಅದು ಊರ ನಡುವಿದೆ. ನಾವು ತಡೆದ ಮನೆಯ ಬೆಲೆಯ ಎಷ್ಟೋ ಪಟ್ಟು ಅದಕ್ಕೆ ಬರುತ್ತದೆ.

ಮಾಘ ಮಾಸದಲ್ಲಿ ಮೇಷ್ಟರು ಹರದನಹಳ್ಳಿಯ ಮನೆಗೆ ಮುಂಗಡ ಕೊಟ್ಟರು. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿದಾಗ ಮಾರುವ ಅಣ್ಣತಮ್ಮಂದಿರ ಹೆಸರು ಮಾತ್ರ ಕಂಡಿತು. ಮನೆಯಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಾಳೆಂದು ಜಗಲಿಯ ಮಾತಿನಲ್ಲಿ ಮೇಷ್ಟರ ಪತ್ನಿಗೆ ತಿಳಿದಿತ್ತು. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕೆಂದು ೨೦೦೫ರ ತಿದ್ದುಪಡಿ ಹೇಳುತ್ತದೆ. ನಮ್ಮ ರಾಜ್ಯದ ತಿದ್ದುಪಡಿ ಅದಕ್ಕೂ ಮೊದಲಿನದು. ಅಣ್ಣಂದಿರು, “ಅವಳದೇನಿದೆ, ಮದುವೆಯಲ್ಲೇ ಕೊಟ್ಟಾಗಿದೆ,” ಎಂದರು. ಮೇಷ್ಟರು ಒಪ್ಪಲಿಲ್ಲ. ಆಕೆಯ ಪಾಲಿನ ಹಣವನ್ನು ಆಕೆಯ ಕೈಗೇ ಕೊಡುವುದಾದರೆ ಮಾತ್ರ ನೋಂದಣಿ ಎಂದರು. ಒಂದು ತಿಂಗಳು ತಡವಾಯಿತು.

ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಹಿ ಹಾಕುವ ಮುನ್ನ ಆಕೆ ಮೇಷ್ಟರ ಪತ್ನಿಯನ್ನು ಪಕ್ಕಕ್ಕೆ ಕರೆದು, ಜಾತ್ರೆಯ ದಿನ ಒಂದು ಸಲ ಬಂದು ಜಗಲಿಯ ಮೇಲೆ ಕುಳಿತು ಹೋಗಬಹುದೇ ಎಂದು ಕೇಳಿದಳಂತೆ. “ಜಗಲಿಯ ಮೇಲೆ ಯಾಕವ್ವ, ಒಳಗೇ ಬಾ. ಊಟ ಮಾಡಿಕೊಂಡು ಹೋಗುವೆಯಂತೆ,” ಎಂದು ಇವರು ಹೇಳಿದರು.